ಆಟೋದಿಂದ ಇಳಿಯೋಣ

ಅಮೆರಿಕಕ್ಕೆ ಓದೋಕೆ ಬಂದ ನಮ್ಮಂಥವರು ಸಾಮಾನು ಕೊಳ್ಳೋದರಲ್ಲಿ ಒಂದು ಕ್ರಮ ಇದೆ. ಮೊದಲು ರೈಸ್ ಕುಕ್ಕರ್. ಚಳಿ ಶುರುವಾಗೋ ಹೊತ್ತಿಗೆ ದಪ್ಪ ಜಾಕೆಟ್ಟು. ಆಮೇಲೆ ನಾಲ್ಕು ಜನ ಸೇರಿ ಒಂದು ಹಳೇ ಕಾರು. ಇವೆಲ್ಲ ಆದ ಮೇಲೆ, ಥ್ಯಾಂಕ್ಸ್‌ಗಿವಿಂಗ್ ಸೇಲ್ ಬಂದಾಗ, ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ. ಮೊದಲ ಮೂರನ್ನು ದಿನಾ ಬಳಸುತ್ತೇವೆ. ನಾಲ್ಕನೆಯದು ಎರಡು ತಿಂಗಳು ಕುತ್ತಿಗೆಯಲ್ಲಿ ನೇತಾಡಿ, ಮಿಲೇನಿಯಂ ಪಾರ್ಕಿನ ಬೀನ್ ಮುಂದೆ ಎಲ್ಲರ ಪ್ರೊಫೈಲ್ ಫೋಟೋ ತೆಗೆದು ಮುಗಿಸಿ, ಬೀರುವಿನಲ್ಲಿ ಸೂಟ್‌ಕೇಸಿನ ಪಕ್ಕ ಮಲಗಿಬಿಡುತ್ತದೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಆ ಕ್ಯಾಮೆರಾ ಮಾರಬೇಡಿ. ಅದಕ್ಕಿಂತ ದೊಡ್ಡದು ಕೊಳ್ಳಲೂ ಬೇಡಿ. ಮುಂದಿನ ಸಲ ಊರಿಗೆ ಹೋಗುವುದರೊಳಗೆ ಅದನ್ನು ಬಳಸೋದು ಕಲೀರಿ. ಇಷ್ಟು ಖಡಾಖಂಡಿತವಾಗಿ ಹೇಳೋಕೆ ಕಾರಣ ಇದೆ.

ನಾವು ನಾಲ್ವರು ಲಿಸ್ಲ್‌ನಲ್ಲಿ ಒಂದು ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 25 ಮೈಲಿ. ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬನ ಅಜ್ಜಿ ತೀರಿಕೊಂಡರು. ಅರಸೀಕೆರೆ ಹತ್ತಿರದ ಹಳ್ಳಿ. ಮಿಡ್‌ಟರ್ಮ್ ಇತ್ತು, ಟಿಕೆಟ್ಟಿಗೆ ದುಡ್ಡೂ ಇರಲಿಲ್ಲ, ಹೋಗೋಕಾಗಲಿಲ್ಲ. ಮೂರನೇ ದಿನ ಚಿಕ್ಕಪ್ಪ ಫೋನ್ ಮಾಡಿದರು. "ಲೋ, ಅಜ್ಜಿದೊಂದು ಒಳ್ಳೆ ಫೋಟೋ ಇದ್ರೆ ಕಳ್ಸೋ. ತಿಥಿಗೆ ಹಾರ ಹಾಕೋಕೆ ಬೇಕು. ಬಂದಾಗೆಲ್ಲ ಫೋಟೋ ತೆಗೀತಿದ್ದೋನು ನೀನೇ ಅಲ್ವಾ?"

ಆ ರಾತ್ರಿ ನಾಲ್ಕೂ ಜನ ಕೂತು ಅವನ ಫೋನಿನ ಆರು ಸಾವಿರ ಫೋಟೋ ಜಾಲಾಡಿದೆವು. ಅಜ್ಜಿ ಇದ್ದದ್ದು ಹನ್ನೊಂದರಲ್ಲಿ. ಏಳು ಇವನದೇ ಸೆಲ್ಫಿ, ಅಂಚಿನಲ್ಲಿ ಅಜ್ಜಿಯ ಅರ್ಧ ಮುಖ. ಎರಡು ಅಲುಗಾಡಿ ಮಸುಕಾದವು. ಒಂದರಲ್ಲಿ ಫೋನು ತಾನಾಗಿ ಮುಖ ನಯಮಾಡಿ, ಎಂಬತ್ತು ದಾಟಿದ ಹೆಂಗಸಿಗೆ ಬೆಣ್ಣೆ ಬಳಿದ ಹಾಗೆ ಮಾಡಿತ್ತು. ಒಂದು ಸುಕ್ಕೂ ಇಲ್ಲ, ಅಜ್ಜಿಯೂ ಅಲ್ಲ. ಇನ್ನೊಂದರಲ್ಲಿ ಅಜ್ಜಿ ಬಾಗಿಲ ಹೊಸ್ತಿಲ ಮೇಲೆ ಕೂತು ನಗುತ್ತಿದ್ದಾರೆ, ಹಿಂದೆ ಅಂಗಳದಲ್ಲಿ ಸುಡು ಬಿಸಿಲು, ಮುಖ ಮಾತ್ರ ಇದ್ದಿಲ ಹಾಗೆ ಕಪ್ಪು. ಕೊನೆಗೆ ಅರಸೀಕೆರೆಯ ಸ್ಟುಡಿಯೋದವರು ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಅಜ್ಜಿಯನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ಹಾಕಿ ದೊಡ್ಡದು ಮಾಡಿಕೊಟ್ಟರು. ವಿಡಿಯೋ ಕಾಲಿನಲ್ಲಿ ನೋಡಿದೆವು. ಅಜ್ಜಿ ಆ ಕಡೆ ಇನ್ನ್ಯಾರನ್ನೋ ನೋಡುತ್ತಿದ್ದಾರೆ, ಭುಜದ ಮೇಲೆ ಪಕ್ಕದವರ ಸೆರಗಿನ ತುಂಡು ಹಾಗೇ ಉಳಿದಿದೆ. ಇವತ್ತಿಗೂ ಆ ಮನೆಯ ನಡುಮನೆಯಲ್ಲಿ ಇರೋದು ಅದೇ.

ಆ ಬೇಸಿಗೆಯಲ್ಲಿ ತಲಾ 95 ಡಾಲರ್ ಹಾಕಿ, 380ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3500 ತಗೊಂಡ್ವಿ, ಜೊತೆಗೆ 18-55 ಕಿಟ್ ಲೆನ್ಸು. 2018ರಲ್ಲಿ ಬಂದ ಮಾಡೆಲ್ ಅದು. ಆ ಸಾಲಿನಲ್ಲಿ ನಿಕಾನ್ ಆಮೇಲೆ ಇನ್ನೊಂದು ತರಲೇ ಇಲ್ಲ. ಎಲ್ಲರೂ ಮಿರರ್‌ಲೆಸ್ ಕಡೆ ಓಡುತ್ತಿರೋದರಿಂದ ಡಿಎಸ್‌ಎಲ್‌ಆರ್ ಅಂದರೆ ಈಗ ಹಳೇ ಸರಕು. ಕಲಿಯುವವರಿಗೆ ಇದಕ್ಕಿಂತ ಒಳ್ಳೇ ಕಾಲ ಇಲ್ಲ. 2003ರಲ್ಲಿ ಕ್ಯಾನನ್‌ನವರು ಮೊದಲ ಡಿಜಿಟಲ್ ರೆಬೆಲ್ ತಂದಾಗ, ಸಾವಿರ ಡಾಲರಿನ ಒಳಗೆ ಡಿಎಸ್‌ಎಲ್‌ಆರ್ ಸಿಗುತ್ತೆ ಅನ್ನೋದೇ ದೊಡ್ಡ ಸುದ್ದಿಯಾಗಿತ್ತು. (ಕ್ಯಾನನ್ ನೋಡುವವರಿಗೆ ಒಂದು ಮಾತು: ಇಲ್ಲಿ ರೆಬೆಲ್ ಟಿ7 ಅಂತ ಮಾರೋದನ್ನೇ ಊರಲ್ಲಿ 1500ಡಿ ಅಂತಾರೆ, ಯುರೋಪಿನಲ್ಲಿ 2000ಡಿ. ಊರಿನ ಅಂಗಡಿಗೆ ಫೋನ್ ಮಾಡಿ ಟಿ7 ಕೇಳಿ ಜಗಳ ಆಡಬೇಡಿ.)

ಇಷ್ಟೊಳ್ಳೆ ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ಎಲ್ಲರೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಊಟದ ತಟ್ಟೆ, ಸೂರ್ಯಾಸ್ತ, ಬಿಲ್ಲು, ಬೋರ್ಡಿನ ಮೇಲಿನ ನೋಟ್ಸು, ಇವಕ್ಕೆಲ್ಲ ಫೋನೇ ಸರಿ, ನಾವೂ ಅದನ್ನೇ ಬಳಸುತ್ತೇವೆ. ಆದರೆ ಫೋನು ನಿಮ್ಮನ್ನು ಏನೂ ಕೇಳೋದಿಲ್ಲ. ನಾಲ್ಕಾರು ಫ್ರೇಮು ತಾನೇ ತೆಗೆದು, ತಾನೇ ಬೆರೆಸಿ, ಮುಖಕ್ಕೆ ಎಷ್ಟು ಬೆಳಕು, ಚರ್ಮ ಎಷ್ಟು ನಯ ಅಂತ ತಾನೇ ತೀರ್ಮಾನಿಸಿ ಕೈಗೆ ಕೊಡುತ್ತದೆ. ಚೆನ್ನಾಗಿ ಬಂದರೂ ಯಾಕೆ ಬಂತು ಗೊತ್ತಾಗಲ್ಲ, ಕೆಟ್ಟರೂ ಯಾಕೆ ಕೆಟ್ಟಿತು ಗೊತ್ತಾಗಲ್ಲ. ಡಿಎಸ್‌ಎಲ್‌ಆರ್ ಮಂಕಾದ ಸಾಧನ. ನಾವು ತಪ್ಪು ಮಾಡಿದರೆ ಆ ತಪ್ಪನ್ನು ಹಾಗೇ ತೋರಿಸುತ್ತದೆ. ಕಲಿಯುವವರಿಗೆ ಬೇಕಾದ್ದು ಅದೇ.

ಆದರೆ ಡಯಲ್ಲನ್ನು ಹಸಿರು ಆಟೋದ ಮೇಲೇ ಬಿಟ್ಟರೆ ಅದೂ ಒಂದು ಭಾರದ ಫೋನೇ. ಸ್ವಲ್ಪ ಕತ್ತಲಾದರೆ ಸಾಕು, ತಲೆ ಮೇಲಿನ ಫ್ಲ್ಯಾಶ್ ತಾನೇ ಎದ್ದು ಎಲ್ಲರ ಮುಖಕ್ಕೂ ಸುಣ್ಣ ಬಳಿಯುತ್ತದೆ. ಮೆಜೆಸ್ಟಿಕ್ಕಿನಲ್ಲಿ ಆಟೋ ಹತ್ತಿದ ಹಾಗೆ. ಎಲ್ಲಿಗೋ ತಲುಪುತ್ತೀರಿ, ದಾರಿ ಮಾತ್ರ ಗೊತ್ತಾಗಲ್ಲ. ಅಪರ್ಚರ್, ಶಟರ್, ಐಎಸ್‌ಒ ಅನ್ನೋ ಮೂರು ಹೆಸರನ್ನು ಯಾವ ವಿಡಿಯೋ ಹಾಕಿದರೂ ಹೇಳಿಕೊಡ್ತಾರೆ, ಅದನ್ನೇ ಇಲ್ಲಿ ಕುಟ್ಟೋದಿಲ್ಲ. ನಮಗೆ ನಿಜವಾಗಿ ಪಾಠ ಹೇಳಿದ್ದು ಲಿಸ್ಲ್‌ನ ಹಿಮ.

ಲಿಸ್ಲ್‌ನಲ್ಲಿ ಏನಿದೆ ಅಂತ ಕೇಳಿದರೆ ಎಲ್ಲರೂ ಹೇಳೋದು ಮಾರ್ಟನ್ ಆರ್ಬೊರೇಟಮ್. ಉಪ್ಪಿನ ಕಂಪನಿಯ ಜಾಯ್ ಮಾರ್ಟನ್ 1922ರಲ್ಲಿ ಶುರು ಮಾಡಿದ ಮರಗಳ ತೋಟ, 1,700 ಎಕರೆ. ಅವರ ತಂದೆಯೇ ನೆಬ್ರಾಸ್ಕದಲ್ಲಿ 1872ರಲ್ಲಿ ಮೊದಲ ಆರ್ಬರ್ ಡೇ, ಅಂದರೆ ಮರ ನೆಡುವ ದಿನ, ನಡೆಸಿದವರು. ಜನವರಿಯ ಒಂದು ಭಾನುವಾರ ಕೈಯಲ್ಲಿ ಕ್ಯಾಮೆರಾ ಹಿಡಿದು ಹೋದೆವು. ಎಲ್ಲೆಲ್ಲೂ ಬೆಳ್ಳಗೆ ಹಿಮ, ಆಕಾಶ ನಿರ್ಮಲ. ಮನೆಗೆ ಬಂದು ನೋಡಿದರೆ ಎಲ್ಲ ಫೋಟೋದಲ್ಲೂ ಹಿಮ ಒಲೆಯ ಬೂದಿಯ ಬಣ್ಣ. ನಮ್ಮ ಮುಖಗಳೂ ಹಾಗೇ, ಕಪ್ಪಿಟ್ಟಿದ್ದವು.

ಆಮೇಲೆ ಓದಿ ತಿಳಿದದ್ದು ಇಷ್ಟು. ಕ್ಯಾಮೆರಾದೊಳಗಿನ ಬೆಳಕಿನ ಮೀಟರಿಗೆ ಹಿಮ ಯಾವುದು, ಎಮ್ಮೆ ಯಾವುದು ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಅದು ನಡು ಬೂದು ಬಣ್ಣದ್ದು ಅಂತ ಲೆಕ್ಕ ಹಾಕುತ್ತದೆ. ಬಿಳಿ ಜಾಸ್ತಿ ಇದ್ದರೆ ಬೆಳಕು ಕಡಿಮೆ ಮಾಡುತ್ತದೆ, ಕಪ್ಪು ಜಾಸ್ತಿ ಇದ್ದರೆ ಹೆಚ್ಚು ಮಾಡುತ್ತದೆ. "ಇಲ್ಲಪ್ಪ, ಇದು ನಿಜವಾಗಲೂ ಬಿಳೀನೇ" ಅಂತ ನಾವು ಹೇಳಬೇಕು. ಅದಕ್ಕೊಂದು ಬಟನ್ ಇದೆ, ಪ್ಲಸ್-ಮೈನಸ್ ಗುರುತಿನದು, ಶಟರಿನ ಪಕ್ಕದಲ್ಲೇ. ಆಟೋದಲ್ಲಿ ಅದು ಕೆಲಸ ಮಾಡಲ್ಲ. ಡಯಲ್ಲನ್ನು ಎ ಅಥವಾ ಪಿ ಮೇಲೆ ಇಡಬೇಕು. ಮುಂದಿನ ವಾರ ಮತ್ತೆ ಹೋಗಿ ಪ್ಲಸ್ ಒಂದೂವರೆ ಇಟ್ಟು ತೆಗೆದೆವು. ಹಿಮ ಬೆಳ್ಳಗೆ ಬಂತು.

ಅವತ್ತು ರಾತ್ರಿ ಹಿಮದ ಫೋಟೋ ನೋಡ್ತಾ ನೋಡ್ತಾ ಅವನು ಫೋನು ತೆಗೆದು ಹೊಸ್ತಿಲ ಮೇಲಿನ ಅಜ್ಜಿಯ ಫೋಟೋ ಪಕ್ಕದಲ್ಲಿಟ್ಟ. ಎರಡೂ ಒಂದೇ ತಪ್ಪು. ಹಿಂದಿನ ಅಂಗಳದ ಬಿಸಿಲನ್ನು ನೋಡಿ ಬೆಳಕು ಇಳಿಸಿದ್ದಕ್ಕೇ ಅಜ್ಜಿಯ ಮುಖ ಕಪ್ಪಾದದ್ದು. ಬೆಳಕು ಸ್ವಲ್ಪ ಏರಿಸಿದ್ದರೆ ಸಾಕಿತ್ತು. ಅದಕ್ಕಿಂತ ಸುಲಭ, ಅಜ್ಜಿಯನ್ನು ಬಾಗಿಲಿಂದ ಎರಡು ಹೆಜ್ಜೆ ಒಳಗೆ, ಅಂಗಳದ ಕಡೆ ಮುಖ ಮಾಡಿ ಕೂರಿಸಿದ್ದರೆ ಅದೇ ಬೆಳಕು ಮುಖಕ್ಕೆ ಬೀಳುತ್ತಿತ್ತು. ಒಂದು ಬಟನ್ನು, ಇಲ್ಲವೇ ಎರಡು ಹೆಜ್ಜೆ. ಅವನು ಅವತ್ತು ಬೇಗ ಮಲಗಿದ.

ಚಳಿಯ ವಿಷಯ ಬಂದದ್ದಕ್ಕೆ ಎರಡು ಎಚ್ಚರಿಕೆ, ಯಾಕಂದರೆ ಇವನ್ನು ಬೆಂಗಳೂರಿನ ಅಣ್ಣಂದಿರು ಹೇಳಿಕೊಡಲ್ಲ. ಮೈನಸ್ ಹದಿನೈದರಲ್ಲಿ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಡಿ. ಹೊರಗಿಂದ ಬಂದ ತಕ್ಷಣ ಕ್ಯಾಮೆರಾವನ್ನು ಬಿಸಿ ಮನೆಯೊಳಗೆ ತೆಗೆಯಬೇಡಿ, ಲೆನ್ಸಿನ ಒಳಗೂ ಹೊರಗೂ ನೀರು ಕಟ್ಟುತ್ತದೆ. ಹೊರಗಿರುವಾಗಲೇ ಜಿಪ್‌ಲಾಕ್ ಚೀಲಕ್ಕೆ ಹಾಕಿ ಮುಚ್ಚಿ, ಒಂದೆರಡು ಗಂಟೆ ಹಾಗೇ ಬಿಡಿ. ಅಮ್ಮ ಹುಳಿಪುಡಿ ಕಳಿಸಿದ ಚೀಲವಾದರೆ ಮೊದಲು ತೊಳೀರಿ.

ಇನ್ನು ಲೆನ್ಸಿನ ಕಥೆ. ಮನೆಯೊಳಗಿನ ಬೆಳಕಿಗೆ ಕಿಟ್ ಲೆನ್ಸು ಸಾಲದು ಅಂತ ಎಲ್ಲ ಕಡೆ ಓದಿ, 70 ಡಾಲರಿಗೆ ಒಂದು ಹಳೇ 50 ಎಂಎಂ ಎಫ್1.8 ಡಿ ಲೆನ್ಸು ತಗೊಂಡ್ವಿ. ಹಾಕಿದ ತಕ್ಷಣ ಕ್ಯಾಮೆರಾದ ಪರದೆ ಮೇಲೆ "ಫೀ" ಅಂತ ಬಂತು. ನಾವು ಗಾಬರಿ. ಸೆಮಿಸ್ಟರಿಗೊಂದು ಫೀ ಸಾಲದು ಅಂತ ಇದೂ ಕೇಳುತ್ತಾ? ಅದು ದುಡ್ಡಿನ ಫೀ ಅಲ್ಲ, ಲೆನ್ಸಿನ ಮೇಲಿನ ಅಪರ್ಚರ್ ಬಳೆಯನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿ ಅನ್ನೋ ಸೂಚನೆ ಅಂತ ಆಮೇಲೆ ಗೊತ್ತಾಯಿತು. ಲಾಕ್ ಮಾಡಿದೆವು, ಆದರೂ ಫೋಕಸ್ ಆಗಲಿಲ್ಲ. ಡಿ3500ನಂಥ ಕಡಿಮೆ ಬೆಲೆಯ ನಿಕಾನ್ ಬಾಡಿಗಳಲ್ಲಿ ಫೋಕಸ್ ಮೋಟರ್ ಇರಲ್ಲ. ಲೆನ್ಸಿನಲ್ಲೇ ಮೋಟರ್ ಇರೋ ಎಎಫ್-ಎಸ್ ತಗೋಬೇಕಿತ್ತು. ನೀವು ಕೊಳ್ಳುವಾಗ ಆ ಅಕ್ಷರಗಳನ್ನು ನೋಡಿ.

ಆದರೂ ವಾಪಸ್ ಕೊಡಲಿಲ್ಲ. ಕಿಟ್ ಲೆನ್ಸು 55ಕ್ಕೆ ಹೋದಾಗ ಎಫ್5.6ಕ್ಕೆ ಇಳಿಯುತ್ತದೆ. ಎಫ್1.8 ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಡುಗೆಮನೆಯ ಒಂದು ಬಲ್ಬಿನ ಬೆಳಕಲ್ಲಿ ಫ್ಲ್ಯಾಶ್ ಇಲ್ಲದೆ ಮುಖ ತೆಗೆಯೋಕೆ ಅಷ್ಟು ಬೇಕು. ಫೋಕಸನ್ನು ಕೈಯಲ್ಲೇ ತಿರುಗಿಸಿ, ವ್ಯೂಫೈಂಡರಿನ ಮೂಲೆಯ ಚುಕ್ಕೆ ಹೊತ್ತಿಕೊಂಡಾಗ ಒತ್ತೋದನ್ನು ಕಲಿತೆವು. ಮೊದಲ ತಿಂಗಳು ಹತ್ತರಲ್ಲಿ ಎಂಟು ಮಸುಕು. ಅಡುಗೆ ಮಾಡೋರು, ಪಾತ್ರೆ ತೊಳೆಯೋರು, ಅಸೈನ್‌ಮೆಂಟ್ ಮಾಡ್ತಾ ನಿದ್ದೆ ಹೋದೋರು, ಯಾರನ್ನೂ ಬಿಡಲಿಲ್ಲ. ಕೈಯಲ್ಲಿ ಫೋಕಸ್ ಮಾಡುವಾಗ ಒಂದು ಲಾಭ ಉಂಟು: ಎದುರಿಗಿರೋರ ಕಣ್ಣನ್ನು ಎರಡು ಮೂರು ಸೆಕೆಂಡಾದರೂ ಸರಿಯಾಗಿ ನೋಡಲೇಬೇಕು. ಆಗ ಅವರೂ ಪೋಸು ಬಿಟ್ಟು ಸಹಜವಾಗುತ್ತಾರೆ.

ದೊಡ್ಡ ಕ್ಯಾಮೆರಾ ಇಲ್ಲದೆ ಆಗಲ್ಲ ಅನ್ನೋರಿಗೆ ನಮ್ಮ ಶಿಕಾಗೋದ್ದೇ ಒಂದು ಉದಾಹರಣೆ ಇದೆ. ವಿವಿಯನ್ ಮೇಯರ್ ಅಂತ ಒಬ್ಬಾಕೆ ಇಲ್ಲಿನ ಉತ್ತರ ಭಾಗದ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳೋ ಕೆಲಸದಲ್ಲಿದ್ದರು. ಬಿಡುವಿನಲ್ಲಿ ಕುತ್ತಿಗೆಗೆ ರೋಲಿಫ್ಲೆಕ್ಸ್ ಹಾಕಿಕೊಂಡು ಬೀದಿ ಸುತ್ತೋರು. ಜೂಮಿಲ್ಲ, ಬಿಚ್ಚೋ ಲೆನ್ಸಿಲ್ಲ, ರೋಲಿಗೆ ಹನ್ನೆರಡೇ ಫೋಟೋ. 2007ರಲ್ಲಿ ಬಾಡಿಗೆ ಕಟ್ಟದ ಅವರ ಗೋದಾಮಿನ ಸಾಮಾನು ಹರಾಜಾದಾಗ ನೆಗೆಟಿವ್‌ಗಳು ಹೊರಗೆ ಬಂದವು, ಲಕ್ಷಕ್ಕೂ ಹೆಚ್ಚು. 2009ರಲ್ಲಿ ಅವರು ತೀರಿಕೊಂಡ ಮೇಲಷ್ಟೇ ಜಗತ್ತಿಗೆ ಹೆಸರು ಗೊತ್ತಾಯಿತು. ಅದೇ ವರ್ಷ ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರೂ ಹೋದರು. ದೊಡ್ಡವರ ಫೋಟೋ ಎಷ್ಟು ತೆಗೆದರೂ ಸತ್ಯನ್ ಅಂದರೆ ನೆನಪಾಗೋದು ಸಾಮಾನ್ಯ ಜನ, ಮಕ್ಕಳು. ಅವರ ಆತ್ಮಕಥನ 'ಕಾಲಕ್ಕೆ ಕನ್ನಡಿ' ಕನ್ನಡದಲ್ಲೇ ಇದೆ, ರಜೆಯಲ್ಲಿ ಓದಿ.

ನಮ್ಮ ಸಂಘದ ಮೇಲೂ ಒಂದು ಸಣ್ಣ ತಕರಾರು. ಯಾರ ಹತ್ತಿರ ಕ್ಯಾಮೆರಾ ಇದೆ ಅಂತ ಗೊತ್ತಾದರೆ ಮುಗೀತು, ಯುಗಾದಿಯಿಂದ ರಾಜ್ಯೋತ್ಸವದವರೆಗೆ ಎಲ್ಲ ಫೋಟೋ ಅವರದೇ ತಲೆಗೆ. ಅವರಿಗೆ ಒಬ್ಬಟ್ಟೂ ಸಿಗಲ್ಲ, ವರ್ಷದ ಕೊನೆಗೆ ನೋಡಿದರೆ ಒಂದು ಫೋಟೋದಲ್ಲೂ ಅವರಿಲ್ಲ. ತೆಗೆದ ಒಂಬೈನೂರು ಫೋಟೋ ಯಾರೂ ನೋಡಲ್ಲ. ಕ್ಯಾಮೆರಾ ಕೈ ಬದಲಾಗಲಿ. ಡೆಟ್ರಾಯಿಟ್ ಕಡೆಯ ಗೆಳೆಯರೊಬ್ಬರು ಕಳೆದ ವರ್ಷ ಎರಡು ಸಾವಿರ ಡಾಲರಿನ ಮಿರರ್‌ಲೆಸ್ ತಂದು ತೋರಿಸಿದರು. ಡಯಲ್ ಹಸಿರಿನ ಮೇಲೇ ಇತ್ತು. ನಾವು ಏನೂ ಹೇಳಲಿಲ್ಲ, ಊಟ ಹಾಕಿ ಕಳಿಸಿದೆವು. ಈಗ ಹೇಳ್ತಿದ್ದೇವೆ.

ಕಳೆದ ಡಿಸೆಂಬರಿನಲ್ಲಿ ನಮ್ಮಲ್ಲಿ ಇನ್ನೊಬ್ಬ ದಾವಣಗೆರೆಗೆ ಹೋದಾಗ ಕ್ಯಾಮೆರಾ ಒಯ್ದ. ಅಜ್ಜನನ್ನು ಬೆಳಿಗ್ಗೆ ಎಂಟಕ್ಕೆ ಕಿಟಕಿಯ ಪಕ್ಕ ಕೂರಿಸಿದ. ಅಜ್ಜ ಮೊದಲು ಶರ್ಟು ಬದಲಾಯಿಸಿ ಬರ್ತೀನಿ ಅಂದರು, ಆಮೇಲೆ ಟೋಪಿ ಅಂದರು, ಆಮೇಲೆ "ಯಾಕೋ ತಮ್ಮಾ, ನಾ ಹೋಗೋ ಫೋಟೋನಾ ಇದು?" ಅಂತ ನೇರವಾಗಿ ಕೇಳಿಯೇಬಿಟ್ಟರು. ಇವನಿಗೆ ಬಾಯಿ ಕಟ್ಟಿತು. ಅಜ್ಜನೇ ನಕ್ಕರು. ಆ ನಗುವಿನ ಫೋಟೋ ಬಂದಿದೆ, ಕಣ್ಣಿನ ಸುತ್ತಲಿನ ಒಂದೊಂದು ಗೆರೆಯೂ ಸಮೇತ. 24 ಮೆಗಾಪಿಕ್ಸೆಲ್ಲಿನ ಫೈಲು, ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿದರೂ ಒಡೆಯಲ್ಲ. ವಾಟ್ಸ್ಯಾಪಿನಲ್ಲಿ ಕಳಿಸಿ ಕುಗ್ಗಿಸದೆ, ಪೆನ್ ಡ್ರೈವಿನಲ್ಲಿ ಕೊಟ್ಟು, ಅಲ್ಲೇ ಪ್ರಿಂಟ್ ಹಾಕಿಸಿ ಬಂದ. ಅಜ್ಜ ಗಟ್ಟಿಯಾಗಿದ್ದಾರೆ. ಬಂದೋರಿಗೆಲ್ಲ ಅದನ್ನು ತೋರಿಸ್ತಾರಂತೆ.

ಈ ಡಿಸೆಂಬರಿನಲ್ಲಿ ಕ್ಯಾಮೆರಾ ಅರಸೀಕೆರೆಗೆ ಹೊರಟಿದೆ. ಅವನೊಂದು ಪಟ್ಟಿ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾನೆ: ಅಮ್ಮ, ಅಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಅಜ್ಜಿಯ ತಂಗಿ, ಪಕ್ಕದ ಮನೆ ಸಾಬಣ್ಣನೋರು. ಪಟ್ಟಿಯ ಕೆಳಗೆ ನಾವು ಮೂವರು ಬರೆದಿದ್ದೇವೆ: ಚಾರ್ಜರ್ ಅಲ್ಲಿನ ಕರೆಂಟಿಗೂ ಆಗುತ್ತೆ, ಪಿನ್ ಅಡಾಪ್ಟರ್ ಮಾತ್ರ ಮರೀಬೇಡ.