ತೂಕ ಎಷ್ಟದ್ರಿ?

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಮೂರು ತಿಂಗಳಾಯ್ತು. ಈಗ ಯಂಕಂಚಿಯ ಮನೆಯಲ್ಲಿ ಆರಾಮಾಗಿದ್ದಾರೆ. ಮಾತಾಡಿಸಲು ಬಂದವರೆಲ್ಲ ಕೇಳೋದು ಒಂದೇ: "ಸ್ಟೆಂಟ್ ಹಾಕಿದ ಡಾಕ್ಟರ್ ಯಾರ್ರಿ?" ಕಲಬುರಗಿಯ ಜಯದೇವ ಆಸ್ಪತ್ರೆಯ ಆ ವೈದ್ಯರಿಗೆ ಮನೆಮಂದಿಯೆಲ್ಲ ಕೈಮುಗಿದು ಬಂದಿದ್ದೇವೆ. ಆದರೆ ನನ್ನ ಥ್ಯಾಂಕ್ಸ್ ಪಟ್ಟಿಯಲ್ಲಿ ಅವರಿಗಿಂತ ಮೇಲೆ ಇನ್ನಿಬ್ಬರಿದ್ದಾರೆ. ಒಬ್ಬಳು ಅವ್ವ. ಇನ್ನೊಬ್ಬರು ಸಿಂದಗಿ ತಾಲೂಕು ಆಸ್ಪತ್ರೆಯ ನರ್ಸ್.

ಅವತ್ತು ನಸುಕಿನ ಐದು ಗಂಟೆ. ಎದೆ ಮೇಲೆ ಕಲ್ಲಿಟ್ಟ ಹಾಗೆ ಭಾರ, ಎಡಗೈ ಸೆಳೆತ, ಬನಿಯನ್ ತೊಯ್ಯುವಷ್ಟು ಬೆವರು. "ರಾತ್ರಿ ಮಿರ್ಚಿ ಭಜಿ ತಿಂದೀನಿ, ಗ್ಯಾಸ್ ಆಗ್ಯಾದ" ಅಂದರಂತೆ ಅಪ್ಪ. ಊರಲ್ಲಿ ಇದಕ್ಕೆ ಸೋಡಾ ಕುಡಿಸಿ ಮಲಗಿಸೋದು ರೂಢಿ. ಅವ್ವ ಹಾಗೆ ಮಾಡಲಿಲ್ಲ. "ಗ್ಯಾಸ್ ಇದ್ರ ಡಾಕ್ಟರೇ ಹೇಳ್ಲಿ, ನಡೀರಿ" ಅಂತ ಕಾಕಾನನ್ನು ಎಬ್ಬಿಸಿ ಗಾಡಿ ಹೊರಡಿಸಿದಳು.

ನಾನು ಬೆಂಗಳೂರಲ್ಲಿ. ಕೈಯಲ್ಲಿ ಫೋನ್ ಬಿಟ್ಟರೆ ಏನೂ ಇಲ್ಲ. ಕಾಕಾ ಕಾಲ್ ಕಟ್ ಮಾಡದೇ ಜೇಬಿಗೆ ಹಾಕಿಕೊಂಡಿದ್ದರಿಂದ ಆ ಕಡೆಯ ಮಾತು ಅಷ್ಟಿಷ್ಟು ಕೇಳಿಸುತ್ತಿತ್ತು. ಗಟ್ಟಿ ದನಿಯ ಹೆಣ್ಣುಮಗಳೊಬ್ಬರು ಒಂದೇ ಸಮನೆ ಕೇಳುತ್ತಿದ್ದರು. "ನೋವು ಎಷ್ಟೊತ್ತಿಗೆ ಶುರು ಆತು? ಹಿಂದ ಯಾವಾಗರ ಲಕ್ವಾ ಹೊಡದಿತ್ತೇನು? ಈಚೀಚೆ ಆಪರೇಷನ್ ಆಗ್ಯಾದೇನು? ತೂಕ ಎಷ್ಟದ್ರಿ?"

ಈ ಹೊತ್ತಲ್ಲಿ ತೂಕ ಯಾಕೆ? ಉತ್ತರ ಗೊತ್ತಾಗಿದ್ದು ಆಮೇಲೆ, ಡಿಸ್ಚಾರ್ಜ್ ಪೇಪರ್ ಹಿಡಿದು ಕೂತು ಓದಿದಾಗ.

ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಮುಂದಿನ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಟೆನೆಕ್ಟಿಪ್ಲೇಸ್. ಹಳೆಯ ಸ್ಟ್ರೆಪ್ಟೋಕೈನೇಸ್ ಆದರೆ ಸುಮಾರು ಒಂದು ತಾಸು ಡ್ರಿಪ್‌ನಲ್ಲಿ ಹೋಗಬೇಕು, ಇದು ಕೆಲವೇ ಸೆಕೆಂಡಿನಲ್ಲಿ ಒಂದೇ ಸಲಕ್ಕೆ. ಡೋಸ್ ನಿರ್ಧಾರ ಆಗೋದು ತೂಕದ ಮೇಲೆ. ಲಕ್ವಾ ಹೊಡೆದವರಿಗೆ, ಈಚೆಗೆ ದೊಡ್ಡ ಆಪರೇಷನ್ ಆದವರಿಗೆ ಇದೇ ಔಷಧದಿಂದ ರಕ್ತಸ್ರಾವ ಆಗಿ ಜೀವಕ್ಕೇ ಕುತ್ತು ಬರಬಹುದು. ಅಂದರೆ ಆ ನರ್ಸ್ ಕೇಳಿದ ಒಂದು ಪ್ರಶ್ನೆಯೂ ಹೆಚ್ಚಿನದಲ್ಲ.

ಹೊರಗೆ ಈ ಇಂಜೆಕ್ಷನ್‌ಗೆ ಹತ್ತಾರು ಸಾವಿರ ರೂಪಾಯಿ. ಅಪ್ಪನಿಗೆ ಸಿಕ್ಕಿದ್ದು ಉಚಿತವಾಗಿ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ. ಅಪ್ಪು 2021ರ ಅಕ್ಟೋಬರ್ 29ರಂದು ಹೋದಾಗ ವಯಸ್ಸು ಬರೀ 46. ಆ ದಿನ ನಮ್ಮ ಆಫೀಸ್ ಗ್ರೂಪಿನಲ್ಲಿ ಯಾರೂ ಕೆಲಸದ ಮೆಸೇಜ್ ಹಾಕಿರಲಿಲ್ಲ. ಯೋಜನೆ ನಡೆಯೋದು ಹೀಗೆ: ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಆನ್‌ಲೈನ್‌ನಲ್ಲಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅವರು ಹೌದು ಅಂದರೆ ಇಲ್ಲೇ ಸೂಜಿ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಸರ್ವರ್ ದೂರ ಇದ್ದರೆ ಡೇಟಾವನ್ನು ಬಳಕೆದಾರನ ಹತ್ತಿರ ತಂದಿಡ್ತೀವಲ್ಲ, ಹಾಗೆ.

ಸಿಂದಗಿಯಿಂದ ಜೇವರ್ಗಿ ಮೇಲೆ ಕಲಬುರಗಿಗೆ ಎರಡು ತಾಸಿನ ದಾರಿ. ಸೂಜಿ ಬೀಳದೇ ಹೊರಟಿದ್ದರೆ ಆ ಎರಡು ತಾಸಿನಲ್ಲಿ ಎಷ್ಟು ಸ್ನಾಯು ಉಳಿಯುತ್ತಿತ್ತೋ. ಇಂಜೆಕ್ಷನ್ ಅಲ್ಲಿಗೇ ಮುಗಿಯೋ ಮಾತಲ್ಲ, ಆಂಜಿಯೋಗ್ರಾಮ್ ಮಾಡಿಸಲೇಬೇಕು. ಅದು ಅವತ್ತೇ ಸಂಜೆ ಆಯ್ತು, ಸ್ಟೆಂಟೂ ಬಿತ್ತು. ನೀವೂ ನನ್ನ ಹಾಗೆ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದವರಾದರೆ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಇಸಿಜಿ ಮತ್ತು ಈ ಇಂಜೆಕ್ಷನ್ ಸಿಗುತ್ತದೆ ಅಂತ ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಹೋದ ವಾರ ಊರಿಗೆ ಹೋದಾಗ ಧಾರವಾಡ ಪೇಡೆ ಹಿಡಿದು, ಅಪ್ಪ ಅವ್ವನನ್ನು ಕರೆದುಕೊಂಡು ತಾಲೂಕು ಆಸ್ಪತ್ರೆಗೆ ಹೋದೆ. ದನಿ ಕೇಳಿದ ಕೂಡಲೇ ಗುರುತು ಹತ್ತಿತು. ಅವರಿಗೆ ಮಾತ್ರ ಅಪ್ಪನ ನೆನಪಿರಲಿಲ್ಲ. "ದಿನಾ ಎಷ್ಟ್ ಮಂದಿ ಬರ್ತಾರ್ರಿ" ಎಂದು ನಕ್ಕರು. ನಾನು ಬೆಂಗಳೂರಿಂದ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಬಾಯಿಗೆ ಬರಲಿಲ್ಲ. ಪೇಡೆ ಡಬ್ಬಿ ಕೊಟ್ಟೆ. ಅವರು ಡಬ್ಬಿ ಪಕ್ಕಕ್ಕಿಟ್ಟು ಅಪ್ಪನ ಕಡೆ ತಿರುಗಿದರು.

"ಗುಳಿಗಿ ದಿನಾ ತಗೋತೀರಿಲ್ರಿ ಕಾಕಾ?"

"ಹೂನವ್ವಾ."

"ಬೀಡಿ?"

"ಬಿಟ್ಟೀನವ್ವಾ" ಅಂದರು ಅಪ್ಪ. ನರ್ಸ್ ಅವ್ವನ ಮುಖ ನೋಡಿದರು.