ಮಾತಿನ ಚಿಕಿತ್ಸೆ ಹಣವಂತರ ಸೊತ್ತೇ?



ಒಲೆಯ ಮುಂದೆ ಕೈ ಸುಟ್ಟುಕೊಂಡರೆ ಮುಲಾಮು ತರಲು ಯಾರಾದರೂ ಓಡುತ್ತಾರೆ. ಮನಸ್ಸು ಕೆಟ್ಟರೆ? ‘ತಲೆ ಸರಿಯಿಲ್ಲ’ ಎಂದು ಲೆಕ್ಕ ಚುಕ್ತಾ ಮಾಡಿ ರಾತ್ರಿ ಬಸ್ಸು ಹತ್ತಿಸುತ್ತಾರೆ. ಧಣಿಗಳನ್ನು ಮಾತ್ರ ಬೈದು ಫಲವಿಲ್ಲ. ನಮ್ಮವರೇ ಒಬ್ಬರು ‘ಮಾಟ’ ಎನ್ನುತ್ತಾರೆ, ಇನ್ನೊಬ್ಬರು ‘ಸೋಮಾರಿತನ’ ಎನ್ನುತ್ತಾರೆ. ದೆವ್ವ ಬಿಡಿಸಲೆಂದು ರೋಗಿಗಳನ್ನು ಒಯ್ದು ಬಿಡುತ್ತಿದ್ದ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸಂಕೋಲೆ ಬಿಗಿದಿದ್ದ 28 ಮಂದಿ ಓಡಲಾಗದೆ ಸತ್ತರು. ಮಾಟದ ಮಾತು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ, ನೋಡಿ.

ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ತಟ್ಟೆ ತೊಳೆಯಲು ನಿಂತ ಮಾಣಿಯನ್ನು ನೆನೆಯಿರಿ. ವರ್ಷಗಟ್ಟಲೆ ಬೈಗುಳ, ಏಟು, ಓಡಿಹೋಗಲು ಜಾಗವಿಲ್ಲ. ಈಗ ಅವನಿಗೆ ನಲವತ್ತು, ಸಪ್ಲೈಯರ್. ಲೋಟ ಬಿದ್ದರೆ ಬೆಚ್ಚುತ್ತಾನೆ. ನಿದ್ದೆಯಿಲ್ಲವೆಂದು ಕುಡಿತ, ಕುಡಿತಕ್ಕೆ ಸಾಲ, ಸಾಲದಿಂದ ಮನೆಯಲ್ಲಿ ಜಗಳ. ‘ನಾನು ಯಾತಕ್ಕೂ ಬಾರದವನು’ ಎಂಬುದೊಂದೇ ಜಪ. ರುಬ್ಬಿದ ಮೇಲೆ ಉದ್ದು ಯಾವುದು, ಅಕ್ಕಿ ಯಾವುದು ಎಂದು ಬೇರೆ ಮಾಡಲಾದೀತೇ? ಹಾಗೆ ಸೇರಿಕೊಂಡಿದೆ ಅವನ ಕಾಯಿಲೆ. ತಪ್ಪಿಸಿಕೊಳ್ಳಲಾಗದ ದೀರ್ಘ ಪೀಡನೆಯಿಂದಾಗುವ ಈ ಬಗೆಯ ಮನೋಗಾಯಕ್ಕೆ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಬೇರೆಯೇ ಹೆಸರಿದೆ. ಸೋಮಾರಿತನ ಎಂಬುದು ಆ ಪಟ್ಟಿಯಲ್ಲಿಲ್ಲ!

ಇಂಥವನಿಗೆ ಗುಳಿಗೆಯೊಂದೇ ಸಾಲದು. (ಗುಳಿಗೆ ಬಿಡಿ ಎಂದು ನಾನು ಹೇಳುತ್ತಿಲ್ಲ, ಇಲ್ಲದ ದನಿ ಕೇಳುವವನು ಗುಳಿಗೆ ಬಿಟ್ಟರೆ ಅಪಾಯ.) ತರಬೇತಾದವರ ಮುಂದೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು, ತಿಂಗಳುಗಟ್ಟಲೆ ಮಾತಾಡಬೇಕು. ‘ಬಾರದವನು’ ಎಂಬ ಯೋಚನೆ ನಿಜವೇ ಎಂದು ಸಾಕ್ಷಿ ಕೇಳುವುದು ಒಂದು ಪದ್ಧತಿ. ಮೊದಲು ನಿದ್ದೆ, ಧೈರ್ಯ ಕೂಡಿಸಿ, ಆಮೇಲೆ ಮೆಲ್ಲಗೆ ಹಳೆಯ ಗಾಯ ಮುಟ್ಟುವುದು ಇನ್ನೊಂದು. ಮನೆಯವರನ್ನೂ ಜೊತೆಗೆ ಕೂರಿಸುವ ಪದ್ಧತಿಯೂ ಇದೆ. ಇದು ಹಣವಂತರ ಷೋಕಿ ಎನ್ನುವವರು ಕೇಳಲಿ: 1950ರ ದಶಕದಲ್ಲೇ ಅಮೃತಸರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು.

‘ಸಂಬಳ ಏರಲಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಸಂಗಾತಿಗಳಿದ್ದಾರೆ. ಸಂಬಳ ಏರಲೇಬೇಕು. ಆದರೆ ಏರಿದ ಸಂಬಳ ಹನ್ನೆರಡು ವರ್ಷದ ಹುಡುಗನ ಭಯವನ್ನು ತೊಳೆಯುವುದೇ? ಇನ್ನು ಹದಿನಾಲ್ಕು ಗಂಟೆ ದುಡಿಸಿ, ಮೇಲೆ ‘ಸಹನೆ ಕಲಿಸಲು’ ಉಪನ್ಯಾಸಕರನ್ನು ಕರೆಸುವ ಮಾಲೀಕರ ಮಾತು. ಅದಕ್ಕೆ ಚಿಕಿತ್ಸೆ ಎಂಬ ಹೆಸರು ಬೇಡ. ಮೊದಲು ಎಂಟು ಗಂಟೆ ಕೆಲಸ, ವಾರದ ರಜೆ ಕೊಡಲಿ.

ಬಸ್ಸು ಹತ್ತಿಸಿದವನಿಂದ ಕಿತ್ತುಕೊಂಡದ್ದು ಎಷ್ಟು ಗೊತ್ತೇ? ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗಕ್ಕೆ ಇ.ಎಸ್.ಐ.ಯಲ್ಲಿ, ಸೇವಾವಧಿಯ ಷರತ್ತು ಪೂರೈಸಿದವನಿಗೆ, ಕೂಲಿಯ ನೂರಕ್ಕೆ 80ರಂತೆ ಎರಡು ವರ್ಷದವರೆಗೆ ಭತ್ಯೆ ಸಿಗುತ್ತದೆ. ಹೆಸರು ಹಾಜರಿ ಪುಸ್ತಕದಿಂದ ಹಾರಿಸಿದರೆ ಅದೂ ಹಾರಿತು. ಆದ್ದರಿಂದ ಇಂಥ ಸಮಯದಲ್ಲಿ ಯಾರೂ ರಾಜೀನಾಮೆಗೆ ಸಹಿ ಹಾಕಬಾರದು, ಹಾಕಿಸಲೂ ಬಿಡಬಾರದು.

ಮತ್ತೆ ಭಾಷೆಯ ಪ್ರಶ್ನೆ. ರಾಯಪುರಂನಲ್ಲಿ ನಾವು ಆರ್ಡರ್ ಕೂಗುವುದು ತಮಿಳಿನಲ್ಲಿ, ಅಳುವುದು ಕನ್ನಡದಲ್ಲಿ. ರೋಗವೇನು, ಚಿಕಿತ್ಸೆಯೇನು ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲೇ ಹೇಳಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯ 22ನೆಯ ಕಲಮು ಹೇಳುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್‌ಗೆ, 14416ಕ್ಕೆ, ಹಣ ಕೊಡದೆ ಫೋನ್ ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲೊಂದು. ಆದರೆ ಫೋನು ಎದುರಿಗೆ ಕೂತ ಮನುಷ್ಯನಾಗದು. ನಮ್ಮ ಮಗ್ಗುಲಲ್ಲೇ ಇರುವ ಸ್ಟಾನ್ಲಿ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಅದೂ ಹೋಟೆಲಿನವರಿಗೆ ಬಿಡುವಾಗುವ ಮಧ್ಯಾಹ್ನ ಮೂರರ ಮೇಲೆ, ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರು ಕೂರಲಿ ಎಂದು ಸಂಘ ಅರ್ಜಿ ಬರೆಯಬೇಕು. ಸಹಿ ಹಾಕಲು ಪ್ರತಿ ಹೋಟೆಲಿನಿಂದ, ಮಿಲ್ಲಿನ ಪ್ರತಿ ಪಾಳಿಯಿಂದ ಇಬ್ಬಿಬ್ಬರು ಬನ್ನಿ.