ಗರಗಸಕ್ಕೆ ಜೀವ ಬರುವ ಮುನ್ನ

ಮಿರಗದ ಮಳೆ ಕೂಡುವ ಮುನ್ನ ಒಲೆಗೆ ಬೇಕಾದ ಕಟ್ಟಿಗೆಯನ್ನು ಒಟ್ಟಿಕೊಳ್ಳುವುದು ಬಸವನ ಬಾಗೇವಾಡಿಯ ಸೀಮೆಯಲ್ಲಿ ಹಳೆಯ ರೂಢಿ. ಗಾಳಿಗೆ ಉರುಳಿದ ಬೇವು, ಬದುವಿನ ಮೇಲೆ ಒಣಗಿ ನಿಂತ ಕರಿಜಾಲಿ, ಹಳ್ಳದ ದಂಡೆಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿ, ಇವುಗಳಿಗೆ ಕೊಡಲಿ ಬೀಳುವ ಕಾಲವದು. ಒಂದು ಕಾಲಕ್ಕೆ ಆ ದಿನಗಳಲ್ಲಿ ಎರೆಹೊಲದ ಬಯಲಿನಲ್ಲಿ ಕೊಡಲಿಯ ಸಪ್ಪಳ ತಾಳ ಹಾಕಿದಂತೆ ಕೇಳಿಬರುತ್ತಿತ್ತು. ಕಡಿಯುವವನು ನಡುನಡುವೆ ನಿಂತು ಬೆವರೊರೆಸಿಕೊಳ್ಳುತ್ತಿದ್ದ. ತಂಬಿಗೆಯ ನೀರು ಕುಡಿಯುತ್ತಿದ್ದ. ಇಂದು ಆ ಬಯಲಿನಲ್ಲಿ ಬೇರೊಂದು ದನಿ ಕೇಳುತ್ತದೆ. ಅದು ಎರಡು ಹೊಲಗಳಾಚೆಯಿಂದಲೇ ಕಿವಿಯನ್ನು ಇರಿಯುವಂಥದು. ಅಂಗಡಿಯವರು ಅದನ್ನು ಚೈನ್‌ಸಾ ಎನ್ನುತ್ತಾರೆ. ಹಳ್ಳಿಯವರ ಬಾಯಲ್ಲಿ ಅದು ಬರಿಯ ‘ಮಷಿನ್’. ಅರ್ಧ ದಿನದ ಕೆಲಸವನ್ನು ಅರ್ಧ ಗಳಿಗೆಯಲ್ಲಿ ಮಾಡಿ ಮುಗಿಸುವ ಯಂತ್ರಗರಗಸವದು.

ಆ ಸೀಮೆಯ ಯಾವ ಊರಿನಲ್ಲಾದರೂ ಕಣ್ಣಿಗೆ ಬೀಳಬಹುದಾದ ನೋಟವೊಂದನ್ನು ಊಹಿಸಿಕೊಳ್ಳೋಣ. ಹೊಸ ಯಂತ್ರವನ್ನು ಎತ್ತಿಕೊಂಡು ತರುಣನೊಬ್ಬ ಬೇವಿನ ಬುಡಕ್ಕೆ ಬಂದಿದ್ದಾನೆ. ಉಟ್ಟದ್ದು ಲುಂಗಿ, ಮೆಟ್ಟಿದ್ದು ಹವಾಯಿ ಚಪ್ಪಲಿ, ಕೊರಳಲ್ಲಿ ಇಳಿಬಿದ್ದ ಟವೆಲು. ಎಡಗೈಯಲ್ಲಿ ಯಂತ್ರವನ್ನು ತೂಗಾಡಿಸಿ ಹಿಡಿದು, ಬಲಗೈಯಿಂದ ಹಗ್ಗವನ್ನು ಜಗ್ಗುತ್ತಿದ್ದಾನೆ. ಕಟ್ಟೆಯ ಮೇಲೆ ಕುಳಿತ ಮುದುಕ ಅದನ್ನು ನೋಡಿ ಸುಮ್ಮನಿರಲಾರ.

“ತಮ್ಮಾ, ಈ ಹೋರಿಗೆ ಮೂಗದಾಣಿ ಎಲ್ಲೈತೋ?”

“ಮಷಿನ್ನಿಗೆಲ್ಲಿ ಮೂಗದಾಣಿ ಮುತ್ಯಾ! ಏನಾಗೂದಿಲ್ಲ, ನೀವು ಸುಮ್ ಕೂಡ್ರಿ.”

ಮುದುಕನ ಪ್ರಶ್ನೆ ನಗೆಗೀಡಾಗುವಂತೆ ತೋರಿದರೂ ಅದರಲ್ಲಿ ಅರ್ಥವಿದೆ. ಆ ಯಂತ್ರಕ್ಕೆ ನಿಜವಾಗಿಯೂ ಒಂದು ಮೂಗುದಾರ ಉಂಟು. ಅದು ತರುಣನ ಕೈಯ ಮುಂದೆಯೇ ಇದೆ. ಆದರೆ ಅದು ಏತಕ್ಕೆ ಇದೆಯೆಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅನರ್ಥಕ್ಕೆಲ್ಲ ಮೂಲ ಇದೇ.

ಕೊಡಲಿಯನ್ನು ಹಿಡಿದವನಿಗೆ ಅದನ್ನು ಕಲಿಸಿದ ಗುರುವೊಬ್ಬನಿದ್ದ. ತಂದೆಯೋ ಅಣ್ಣನೋ ಬಡಿಗನೋ ಯಾರಾದರೊಬ್ಬ. ಕಲಿಕೆಗೆ ವರುಷಗಳು ಹಿಡಿಯುತ್ತಿದ್ದವು. ತೋಳಿನ ಬಲ ಎಷ್ಟೋ ಅಷ್ಟೇ ಪೆಟ್ಟು. ತಪ್ಪಿದರೆ ಅಪಾಯವೂ ಬಹುಮಟ್ಟಿಗೆ ಅಷ್ಟೇ. ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಬಾಳಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ಕಾಲದಿಂದಲೂ ಈ ನಾಡಿನಲ್ಲಿ ಕಟ್ಟಿಗೆ ಕಡಿಯುವುದು ಗೌರವದ ಕಾಯಕ. ಯಂತ್ರಗರಗಸ ಬಂದಾಗ ಕಾಯಕವೇನೋ ಉಳಿಯಿತು, ಗುರು ಮಾತ್ರ ಮರೆಯಾದ. ಹಣ ತೆತ್ತೊಡನೆ ಹತ್ತಾಳಿನ ಬಲ ಒಬ್ಬನ ಕೈಗೆ ಬರುತ್ತದೆ. ಆ ಬಲವನ್ನು ಆಳುವ ವಿವೇಕ ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿಯೇ ಉಳಿದುಬಿಡುತ್ತದೆ.

ಈ ಯಂತ್ರ ಬಹಳ ಹಳೆಯದೇನೂ ಅಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಎಂಬವನು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನೂ 1929ರಲ್ಲಿ ಪೆಟ್ರೋಲಿನಿಂದ ನಡೆಯುವುದನ್ನೂ ಹೊರತಂದ. ಆಗಿನವು ಇಬ್ಬರು ಹಿಡಿದು ನಡೆಸಬೇಕಾದ ಭಾರಿ ಯಂತ್ರಗಳು. 1946ರಲ್ಲಿ ಅಮೆರಿಕದ ಆರೆಗಾನ್ ಸೀಮೆಯ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರಗೆಲಸದವನು, ಕೊರಡೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕಂಡು ಬೆರಗಾದ. ಬೆರಳಿನಷ್ಟಿದ್ದ ಆ ಹುಳು ಮರದ ಎಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಲೀಲಾಜಾಲವಾಗಿ ಕತ್ತರಿಸುತ್ತಿತ್ತು. ಅದರ ದವಡೆಯ ಬಾಗನ್ನೇ ಅನುಸರಿಸಿ ಅವನು ಸರಪಳಿಯ ಹಲ್ಲುಗಳನ್ನು ರೂಪಿಸಿದ. ಇಂದಿನ ಸರಪಳಿಗಳು ಬಹುಮಟ್ಟಿಗೆ ಆ ಹುಳುವಿನ ವಂಶದವೇ.

ಈ ಸರಪಳಿ ಪೂರ್ಣ ವೇಗದಲ್ಲಿ ಕ್ಷಣಕ್ಕೆ ಸುಮಾರು 20 ಮೀಟರು ಓಡುತ್ತದೆ. ಅಂದರೆ ಗಂಟೆಗೆ 72 ಕಿಲೋಮೀಟರು. ಹೆದ್ದಾರಿಯ ಬಸ್ಸಿನ ವೇಗದಲ್ಲಿ ಓಡುವ ಹಲ್ಲುಗಳು ಮನುಷ್ಯನ ಮೊಳಕಾಲಿನಿಂದ ಒಂದು ಗೇಣಿನಾಚೆ ಇರುತ್ತವೆಂಬುದನ್ನು ನೆನೆದರೆ ಸಾಕು, ಎಚ್ಚರ ತಾನಾಗಿಯೇ ಬರಬೇಕು.

ಬಾಗೇವಾಡಿಯ ಒಕ್ಕಲಿಗನಿಗೆ ಹೋರಿಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲಿ ನಿಂತರೆ ಒದೆಯುತ್ತದೆ, ಎಲ್ಲಿ ನಿಂತರೆ ಹಾಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಯಂತ್ರಗರಗಸಕ್ಕೂ ಹಾಗೆಯೇ ಮೂರು ಸ್ವಭಾವಗಳುಂಟು. ಸರಪಳಿ ಉಕ್ಕಿನ ಪಟ್ಟಿಯ ಮೇಲುಬದಿಯಲ್ಲಿ ಮುಂದಕ್ಕೆ ಓಡಿ, ಮೂತಿಯನ್ನು ಸುತ್ತಿ, ಕೆಳಬದಿಯಲ್ಲಿ ಹಿಂದಕ್ಕೆ ಬರುತ್ತದೆ. ಆದುದರಿಂದ ಕೆಳಬದಿಯಿಂದ ಕೊಯ್ದರೆ ಯಂತ್ರ ಕೊಯ್ಯುವವನನ್ನು ಮರದತ್ತ ಎಳೆಯುತ್ತದೆ. ಮೇಲುಬದಿಯಿಂದ ಕೊಯ್ದರೆ ಅವನನ್ನು ಹಿಂದಕ್ಕೆ ನೂಕುತ್ತದೆ. ಈ ಎರಡನ್ನೂ ಗಟ್ಟಿಯಾದ ನಿಲುವಿನಿಂದ ತಾಳಿಕೊಳ್ಳಬಹುದು. ಮೂರನೆಯದೇ ಘಾತಕವಾದುದು. ಮೂತಿಯ ಮೇಲಿನ ಕಾಲುಭಾಗ ಮರಕ್ಕೋ ಕಣ್ಣು ತಪ್ಪಿದ ಕೊಂಬೆಗೋ ತಾಗಿದರೆ ಹಲ್ಲು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಓಡುವ ಸರಪಳಿಯ ಬಲವೆಲ್ಲ ತಿರುಗಿಬಿದ್ದು ಇಡೀ ಪಟ್ಟಿ ಕೊಯ್ಯುವವನ ಮುಖ, ಕೊರಳು, ಭುಜಗಳ ಕಡೆಗೆ ಚಿಮ್ಮುತ್ತದೆ. ಹೋರಿ ಹಾಯುವುದೆಂದರೆ ಇದೇ. ಕಣ್ಣು ಕಂಡು, ಮನಸ್ಸು ತಿಳಿದು, ಕೈ ಸರಿಯುವಷ್ಟರಲ್ಲಿ ಅದು ಆಗಿಹೋಗಿರುತ್ತದೆ.

ಇಂಥ ಪಶುವನ್ನು ಹೂಡುವ ಮೊದಲು ತೊಡುವ ಬಟ್ಟೆಯ ವಿಚಾರ ಬರುತ್ತದೆ. ಧೋತರ, ಲುಂಗಿ, ಇಳಿಬಿದ್ದ ಟವೆಲು, ಸಡಿಲವಾದ ತೋಳು, ಇವೆಲ್ಲ ಸರಪಳಿಗೆ ಸಿಕ್ಕು ಮೈಯನ್ನೂ ಎಳೆದುಕೊಳ್ಳಬಲ್ಲವು. ಮೈಗಂಟಿದ ಬಟ್ಟೆ, ಹಿಡಿತವಿರುವ ಗಟ್ಟಿ ಬೂಟು, ಕೈಗವಸು, ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇರಬೇಕು. ಈ ಯಂತ್ರದ ಸದ್ದು 100 ಡೆಸಿಬೆಲ್ಲಿಗೂ ಮಿಕ್ಕಿದ್ದು. ಹೋದ ಕಿವಿ ಮರಳಿ ಬರುವುದಿಲ್ಲ. ಕಾಲಿಗೆಂದು ವಿಶೇಷವಾದ ಕವಚವೂ ದೊರೆಯುತ್ತದೆ. ಸರಪಳಿ ಅದಕ್ಕೆ ತಾಗಿದರೆ ಒಳಗಿನ ಉದ್ದುದ್ದ ಎಳೆಗಳು ಹೊರಬಂದು ಯಂತ್ರದ ಹಲ್ಲುಗಾಲಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತವೆ. ಬಾಗೇವಾಡಿಯ ಬಿಸಿಲಿಗೆ ಇದು ಸೆಕೆಯೆಂದು ತೋರುವುದು ಸಹಜ. ಆದರೆ ಸೆಕೆಗೆ ನೆರಳುಂಟು, ನೀರುಂಟು. ಕಾಲಿಗೆ ಬದಲು ಕಾಲಿಲ್ಲ.

ಇನ್ನು ಎಣ್ಣೆ. ಇಂಥ ಯಂತ್ರಗಳ ಪೆಟ್ರೋಲಿಗೆ ಎರಡು ಹೊಡೆತದ ಎಂಜಿನ್ನಿನ ಆಯಿಲನ್ನು ಬೆರೆಸಬೇಕು. ಅನೇಕ ಯಂತ್ರಗಳಿಗೆ 50ಕ್ಕೆ 1ರ ಪ್ರಮಾಣ; ಎಂದರೆ ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು. ಆಯಾ ಯಂತ್ರದ ಪುಸ್ತಿಕೆ ಏನು ಹೇಳುತ್ತದೋ ಅದೇ ಪ್ರಮಾಣ. ಸರಪಳಿಯ ಎಣ್ಣೆಯ ತೊಟ್ಟಿ ಬೇರೆಯೇ ಇರುತ್ತದೆ, ಅದನ್ನು ಮರೆಯಬಾರದು. ಎಂಜಿನ್ನು ಬಿಸಿಯಾಗಿರುವಾಗ ಪೆಟ್ರೋಲು ತುಂಬಬಾರದು. ಬೀಡಿ ಸೇದುವವರನ್ನು ಹತ್ತಿರ ಬಿಡಬಾರದು. ತುಂಬಿದ ಜಾಗದಿಂದ ಮೂರು ಮೀಟರಾದರೂ ದೂರ ಹೋಗಿಯೇ ಯಂತ್ರವನ್ನು ಚಾಲೂ ಮಾಡಬೇಕು. ಹಾಗೆಯೇ ಸರಪಳಿಯ ಬಿಗುವನ್ನು ನೋಡಬೇಕು. ಅದು ಪಟ್ಟಿಯ ಕೆಳಬದಿಗೆ ಅಂಟಿಕೊಂಡಿರಬೇಕು. ಕೈಗವಸು ತೊಟ್ಟು ಎಳೆದರೆ ಸರಾಗವಾಗಿ ಸರಿಯಬೇಕು. ಜೋತುಬಿದ್ದರೆ ಕಳಚಿ ಚಿಮ್ಮುತ್ತದೆ. ಮೊಂಡು ಹಲ್ಲು ಹರಿತವಾದ ಹಲ್ಲಿಗಿಂತ ಕೆಟ್ಟದ್ದು. ಅದು ಕೊಯ್ಯುವವನಿಂದ ಹೆಚ್ಚು ಒತ್ತಡವನ್ನು ಬೇಡುತ್ತದೆ, ಒತ್ತಿದವನು ಆಯತಪ್ಪುತ್ತಾನೆ. ಈ ನೋಟವೆಲ್ಲ ಎಂಜಿನ್ನು ನಿಂತಿರುವಾಗಲೇ ಆಗಬೇಕು.

ಈಗ ಮೂಗುದಾರದ ಮಾತು. ಮುಂದಿನ ಹಿಡಿಯ ಎದುರಿಗೆ ಅಗಲವಾದ ತಡೆಯೊಂದು ನಿಂತಿರುತ್ತದೆ. ಕೈಗೆ ಕಡ್ಡಿ ಬಡಿಯದಿರಲೆಂದು ಇಟ್ಟದ್ದೆಂದು ಅನೇಕರ ಭಾವನೆ. ಕೈಯನ್ನು ಕಾಯುವುದು ಅದರ ಅರ್ಧ ಕೆಲಸ ಮಾತ್ರ. ಅದೇ ಸರಪಳಿಯ ಬ್ರೇಕು. ಮುಂದಕ್ಕೆ ನೂಕಿದರೆ ಸರಪಳಿ ಬಿಗಿದು ನಿಲ್ಲುತ್ತದೆ. ಹಿಡಿಯತ್ತ ಎಳೆದರೆ ಬಿಡುಗಡೆಯಾಗುತ್ತದೆ. ಯಂತ್ರ ಹಾಯ್ದಾಗ ಎಡಗೈಯ ಮಣಿಕಟ್ಟು ತಾಗಿ ಅದು ಬೀಳುವಂತೆ ಮಾಡಿದ್ದಾರೆ. ಹೊಸ ಯಂತ್ರಗಳಲ್ಲಿ ಚಿಮ್ಮಿದ ರಭಸಕ್ಕೇ ತಾನಾಗಿಯೂ ಬೀಳುತ್ತದೆ.

ಯಂತ್ರವನ್ನು ಚಾಲೂ ಮಾಡುವ ಮೊದಲು ಈ ಬ್ರೇಕು ಹಾಕಿರಲೇಬೇಕು. ಬಳಿಕ ಯಂತ್ರವನ್ನು ಸಮತಟ್ಟಾದ ಗಟ್ಟಿ ನೆಲದ ಮೇಲಿಟ್ಟು, ಸರಪಳಿ ಕಲ್ಲಿಗಾಗಲಿ ಕಡ್ಡಿಗಾಗಲಿ ತಾಗದಂತೆ ನೋಡಿಕೊಳ್ಳಬೇಕು. ಎಡಗೈ ಮುಂದಿನ ಹಿಡಿಯನ್ನು ನೆಟ್ಟಗೆ ಒತ್ತಿ ಹಿಡಿದಿರಬೇಕು. ಹಿಂದಿನ ಹಿಡಿಯೊಳಗೆ ಬಲಗಾಲಿನ ಬೂಟಿನ ತುದಿಯನ್ನಿಟ್ಟು ನೆಲಕ್ಕೆ ಅದುಮಬೇಕು. ತಣ್ಣಗಿರುವ ಎಂಜಿನ್ನಾದರೆ ಚೋಕು ಎಳೆದು, ಬಲಗೈಯಿಂದ ಹಗ್ಗವನ್ನು ಮೊದಲು ಮೆಲ್ಲಗೆ, ಬಿಗಿ ಸಿಕ್ಕ ಮೇಲೆ ಜೋರಾಗಿ ಜಗ್ಗಬೇಕು. ಒಮ್ಮೆ ಕೆಮ್ಮಿದಂತೆ ಸದ್ದಾದೊಡನೆ ಚೋಕನ್ನು ಇಳಿಸಿ ಮತ್ತೆ ಜಗ್ಗಬೇಕು. ಎಂಜಿನ್ನು ಹಿಡಿದ ಮೇಲೆ ರೇಸಿನ ಗುಂಡಿಯನ್ನು ಒಂದು ಕ್ಷಣ ಮುಟ್ಟಿ ಬಿಟ್ಟರೆ ಅದು ಮಂದಗತಿಗೆ ಇಳಿಯುತ್ತದೆ. ಆಮೇಲೆ ಬ್ರೇಕು ಬಿಡಬೇಕು. ಮಂದಗತಿಯಲ್ಲಿಯೂ ಸರಪಳಿ ತಿರುಗುತ್ತಿದ್ದರೆ ಆ ಯಂತ್ರ ಕೆಲಸಕ್ಕೆ ಯೋಗ್ಯವಲ್ಲ. ಮೊದಲು ದುರಸ್ತಿ, ಅನಂತರ ಮರ. ಗಾಳಿಯಲ್ಲಿ ತೂಗಾಡಿಸಿ ಹಗ್ಗ ಜಗ್ಗುವುದು ನೋಡುವವರಿಗೆ ಗಂಡಸುತನದಂತೆ ಕಾಣಬಹುದು. ಆದರೆ ಎಂಜಿನ್ನು ಹಿಡಿದ ಆ ಕ್ಷಣದಲ್ಲಿ ಪಟ್ಟಿ ಯಾವ ಕಡೆಗೆ ತಿರುಗುವುದೆಂಬುದು ಅವನ ವಶದಲ್ಲಿರುವುದಿಲ್ಲ.

ಕೊಯ್ಯುವಾಗ ಎರಡು ಕೈಯೂ ಹಿಡಿಯ ಮೇಲಿರಬೇಕು. ಎಡಗೈ ಮುಂದೆ, ಬಲಗೈ ಹಿಂದೆ. ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು. ಎಡಚನಿಗೂ ನಿಯಮ ಇದೇ. ಮೈ ಸರಪಳಿಯ ನೇರಕ್ಕಿರದೆ ಕೊಂಚ ಎಡಕ್ಕಿರಬೇಕು. ಭುಜಕ್ಕಿಂತ ಮೇಲಕ್ಕೆ ಯಂತ್ರವನ್ನು ಎತ್ತಿ ಕೊಯ್ಯುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ಸರ್ವಥಾ ಸಲ್ಲದು. ಎರಡು ಹೆಜ್ಜೆ ನಡೆಯುವುದಿದ್ದರೂ ಬ್ರೇಕು ಹಾಕಬೇಕು. ದೂರ ನಡೆಯುವುದಾದರೆ ಎಂಜಿನ್ನನ್ನೇ ನಿಲ್ಲಿಸಬೇಕು.

ಮರವನ್ನು ಉರುಳಿಸುವಾಗ ಅದರ ಎತ್ತರದ ಇಮ್ಮಡಿ ದೂರದೊಳಗೆ ಬೇರೆ ಯಾರೂ ಇರಕೂಡದು. ಬೀಳಬೇಕಾದ ಕಡೆಗೆ ಮೊದಲು ಬಾಯಿ ತೆಗೆದು, ಹಿಂದಿನಿಂದ ಕೊಯ್ಯುತ್ತ ಬಂದು, ದಪ್ಪದ ಹತ್ತನೆಯ ಒಂದು ಪಾಲನ್ನು ನಡುವೆ ಉಳಿಸಬೇಕು. ಉಳಿದ ಆ ಭಾಗವೇ ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದು ನೆಲಕ್ಕಿಳಿಸುತ್ತದೆ. ಅದನ್ನೂ ಕೊಯ್ದವನು ಮರದ ಮರ್ಜಿಗೆ ಬೀಳುತ್ತಾನೆ. ಓಡಿಹೋಗುವ ದಾರಿಯನ್ನು ಹಿಂದೆ ಓರೆಯಾಗಿ ಮೊದಲೇ ಹಸನು ಮಾಡಿಟ್ಟಿರಬೇಕು. ಬಳ್ಳಾರಿ ಜಾಲಿಯಂತೂ ಇನ್ನೂ ಮೋಸದ ಗಿಡ. ಒಂದೇ ಬುಡದಿಂದ ಹಲವು ಕಾಂಡಗಳು ಹೊರಟು, ಬಾಗಿ, ಒಂದಕ್ಕೊಂದು ತೆಕ್ಕೆಬಿದ್ದು ಬಿಲ್ಲಿನಂತೆ ಬಿಗಿದಿರುತ್ತವೆ. ಯಾವ ಕೊಂಬೆ ಯಾವುದರ ಭಾರವನ್ನು ಹೊತ್ತಿದೆಯೆಂದು ನೋಡದೆ ಕೊಯ್ದರೆ ಮುಳ್ಳುಕೊಂಬೆ ಮುಖಕ್ಕೆ ಬಡಿಯುತ್ತದೆ. ಮೂತಿ ಪೊದೆಯೊಳಗೆ ಕಾಣದ ಕಾಂಡಕ್ಕೆ ತಾಗಿ ಯಂತ್ರ ಹಾಯುತ್ತದೆ.

ಇಷ್ಟೆಲ್ಲವೂ ಕೊಯ್ಯುವವನ ಹೊಣೆಯೆಂದು ಮರದ ಒಡೆಯ ಕೈತೊಳೆದುಕೊಳ್ಳುವಂತಿಲ್ಲ. ಅನೇಕ ಜಾತಿಯ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅನುಮತಿ ಪಡೆಯಬೇಕು. ಅದನ್ನು ವಿಚಾರಿಸಬೇಕಾದವನು ಒಡೆಯ. ಬೂಟೂ ಶಿರಸ್ತ್ರಾಣವೂ ಇಲ್ಲದೆ ಬಂದ ಕೂಲಿಯವನನ್ನು ಮರಕ್ಕೆ ಹಚ್ಚದಿರಬೇಕಾದವನೂ ಅವನೇ. ದಿನಗೂಲಿಯವನ ಸಂಸಾರ ನಿಂತಿರುವುದು ಅವನ ಎರಡು ಕೈಗಳ ಮೇಲೆ. ಬಾಗೇವಾಡಿಯಿಂದ ವಿಜಯಪುರದ ದೊಡ್ಡ ಆಸ್ಪತ್ರೆಗಳಿಗೆ ಸುಮಾರು 40 ಕಿಲೋಮೀಟರು. ಹೊಲದಿಂದ ಹೆದ್ದಾರಿಗೆ ಬರುವ ದಾರಿ ಬೇರೆ. ಆಳವಾದ ಗಾಯದ ನೆತ್ತರು ಅಷ್ಟು ಹೊತ್ತು ಕಾಯುವುದಿಲ್ಲ. ಆದುದರಿಂದ ಒಬ್ಬನೇ ಈ ಕೆಲಸಕ್ಕೆ ಹೋಗಬಾರದು. ಶುಭ್ರವಾದ ಬಟ್ಟೆಯ ಗಂಟೊಂದು ಜೊತೆಗಿರಬೇಕು. ಗಾಯವಾದರೆ ಮಲಗಿಸಿ, ಬಟ್ಟೆಯನ್ನು ಗಾಯದ ಮೇಲಿಟ್ಟು ಬಿಡದೆ ಬಲವಾಗಿ ಅದುಮಿ ಹಿಡಿದು, ಇನ್ನೊಬ್ಬನು ಕೂಡಲೆ 108ಕ್ಕೆ ಕರೆ ಮಾಡಬೇಕು. ಅರಿಸಿನ ತುಂಬುವುದು, ಮಣ್ಣು ಹಚ್ಚುವುದು ಬೇಡ.

ಖಂಡೆಪೂಜೆಯ ದಿನ ಈ ಸೀಮೆಯ ಮನೆಗಳಲ್ಲಿ ಕುಡುಗೋಲು ಕೊಡಲಿಗಳನ್ನು ತೊಳೆದು ವಿಭೂತಿ ಕುಂಕುಮವಿಡುತ್ತಾರೆ. ದುಡಿಯುವ ಆಯುಧ ಕೊಲ್ಲಲೂ ಬಲ್ಲದೆಂಬ ಹಿರಿಯರ ಅರಿವು ಆ ಪೂಜೆಯಲ್ಲಿ ಅಡಗಿದೆ. ಯಂತ್ರಗರಗಸಕ್ಕೆ ಆ ಗೌರವ ವರುಷಕ್ಕೊಮ್ಮೆ ಸಂದರೆ ಸಾಲದು. ಹಗ್ಗ ಜಗ್ಗುವ ಮುನ್ನ ಪ್ರತಿ ಸಲವೂ ಸಲ್ಲಬೇಕು.

ಬೇವಿನ ಬುಡದ ಆ ತರುಣ ಇದನ್ನೆಲ್ಲ ಕಲಿತನೆಂದು ಭಾವಿಸೋಣ. ಮಾರನೆಯ ವರುಷ ಮಿರಗದ ಮುನ್ನ ಅವನು ಲುಂಗಿ ಬಿಟ್ಟು, ಬೂಟು ಮೆಟ್ಟಿ ಬರುತ್ತಾನೆ. ಯಂತ್ರವನ್ನು ನೆಲಕ್ಕಿಟ್ಟು, ಹಿಡಿಯೊಳಗೆ ಪಾದವಿಟ್ಟು, ಮುಂದಿನ ತಡೆಯನ್ನು ಟಕ್ಕೆಂದು ನೂಕಿ, ಕಟ್ಟೆಯ ಕಡೆಗೆ ನೋಡುತ್ತಾನೆ.

“ಮೂಗದಾಣಿ ಇಲ್ಲೈತ್ರಿ ಮುತ್ಯಾ.”

ಮುದುಕ ಮರುಮಾತಾಡುವುದಿಲ್ಲ. ಬಡಿಗೆಯನ್ನು ಊರಿ ಎದ್ದು, ಮರದ ಎತ್ತರವನ್ನೊಮ್ಮೆ ಕಣ್ಣಿನಿಂದ ಅಳೆದು, ಅದರ ಇಮ್ಮಡಿ ದೂರಕ್ಕೆ ಹೋಗಿ ಕೂಡುತ್ತಾನೆ.